ಅಕ್ಷ ತಿರುಗಿದರೂ ತಿರುಗದ ಮೂರು ಸಂಖ್ಯೆಗಳು

ಧಾರವಾಡದಲ್ಲಿ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳ ಹಾಗೂ ಅವರೊಂದಿಗೆ ಬಂದಿದ್ದ ಆಸಕ್ತರ ಮುಂದೆ ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಹಲಗೆಯ ಮೇಲೆ ಬರೆದ ಸಮೀಕರಣಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಮಾನ್ಯರೇ,

ನಾನು ಪಾಠ ಮಾಡುತ್ತಿದ್ದ ಹುಬ್ಬಳ್ಳಿಯ ಪ್ರಯೋಗಶಾಲೆಯೊಂದರಲ್ಲಿ ಹಲವು ವರ್ಷಗಳ ಹಿಂದೆ ಎರಡು ವಿದ್ಯಾರ್ಥಿ ತಂಡಗಳ ನಡುವೆ ಎದ್ದ ತಕರಾರಿನಿಂದ ಮಾತು ಆರಂಭಿಸುತ್ತೇನೆ. ಉಕ್ಕಿನ ತಗಡು ಒಂದೇ, ಅದರ ಮೇಲಿದ್ದ ಭಾರವೂ ಒಂದೇ. ತಗಡಿನ ಮುಂಭಾಗದಲ್ಲಿ ಒಂದು ತಂಡ, ಅದೇ ಜಾಗದ ಹಿಂಭಾಗದಲ್ಲಿ ಇನ್ನೊಂದು ತಂಡ, ಸ್ಟ್ರೇನನ್ನು ಅಂದರೆ ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು ಕುಗ್ಗನ್ನು ಅಳೆಯುವ ಮೂರು ಮೂರು ಸ್ಟ್ರೇನ್ ಗೇಜುಗಳ ರೋಸೆಟ್ ಅಂಟಿಸಿದ್ದವು. ತಗಡು ಬಾಗದೆ ತನ್ನ ಸಮತಲದಲ್ಲಷ್ಟೇ ಹಿಗ್ಗುವಂತೆ ಭಾರವನ್ನು ಹಾಕಿದ್ದರಿಂದ ಎರಡೂ ಮುಖಗಳಲ್ಲಿ ಒಂದೇ ಉತ್ತರ ಬರಬೇಕಿತ್ತು. ಮೊದಲ ತಂಡದ ಗೇಜುಗಳು ಉದ್ದಕ್ಕೆ 600, ನಲವತ್ತೈದು ಡಿಗ್ರಿ ಓರೆಗೆ 500, ಅಡ್ಡಕ್ಕೆ −200 ಮೈಕ್ರೋಸ್ಟ್ರೇನ್ ತೋರಿಸಿದವು. ಎರಡನೆಯ ತಂಡದ ಅದೇ ಕ್ರಮದ ಗೇಜುಗಳು 680, 60, −280 ಎಂದವು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ತುಸು ದುಂಡಗೆ ಮಾಡಿ ಹೇಳುತ್ತಿದ್ದೇನೆ. ಒಂದು ಮೈಕ್ರೋಸ್ಟ್ರೇನ್ ಎಂದರೆ ಒಂದು ಕಿಲೋಮೀಟರ್ ಉದ್ದದ ಸರಳು ಒಂದು ಮಿಲಿಮೀಟರ್ ಹಿಗ್ಗಿದಷ್ಟು. ಇಷ್ಟು ಸಣ್ಣ ಹಿಗ್ಗನ್ನು ತಂತಿಯ ವಿದ್ಯುತ್ ರೋಧದ ಬದಲಾವಣೆಯಿಂದ ಅಳೆಯುವ ಈ ಗೇಜನ್ನು 1938ರಲ್ಲಿ ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ರೂಪಿಸಿದರು.

ನಲವತ್ತೈದು ಡಿಗ್ರಿಯ ಗೇಜು ಒಬ್ಬರಿಗೆ 500 ತೋರಿಸಿ ಇನ್ನೊಬ್ಬರಿಗೆ 60 ತೋರಿಸಿದ್ದರಿಂದ ಯಾವುದೋ ಒಂದು ರೋಸೆಟ್ ಕೆಟ್ಟಿದೆ ಎಂದು ಎರಡೂ ತಂಡಗಳು ನಂಬಿದವು. ಅಂಟು ಸರಿಯಿಲ್ಲ ಎಂದು ಒಬ್ಬರು, ವಯರಿಂಗ್ ಸರಿಯಿಲ್ಲ ಎಂದು ಇನ್ನೊಬ್ಬರು ವಾದಿಸಿದರು. ತಗಡನ್ನು ಬಿಚ್ಚಿ ನೋಡಿದಾಗ ಎರಡನೆಯ ರೋಸೆಟ್ ನೇರವಾಗಿ ಕೂತಿರಲಿಲ್ಲ. ವಯರುಗಳಿಗೆ ಎಡೆ ಮಾಡಿಕೊಡಲು ಅದನ್ನು ಎರಡು ಅಳತೆ ಮುಂದೆ ಹೋಗಿ ಒಂದು ಅಳತೆ ಮೇಲೇರಿದರೆ ಸಿಗುವ ಓರೆಯಲ್ಲಿ, ಅಂದರೆ ಸುಮಾರು 26.6 ಡಿಗ್ರಿ ತಿರುಗಿಸಿ ಅಂಟಿಸಿದ್ದರು. ಹಾಗಾದರೆ ಇಬ್ಬರೂ ಸರಿಯಾಗಿಯೇ ಅಳೆದಿರಬಹುದು. ಅದನ್ನು ಗೇಜು ಕಿತ್ತು ಮತ್ತೆ ಅಂಟಿಸದೆ, ಕೈಯಲ್ಲಿರುವ ಆರು ಅಂಕಿಗಳಿಂದಲೇ ತೀರ್ಮಾನಿಸುವುದು ಹೇಗೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯಿಂದ ಹೊರಟದ್ದು.

ಮೊದಲ ಹೆಜ್ಜೆ ತುಂಬ ಸರಳ. ಪರಸ್ಪರ ಲಂಬವಾಗಿರುವ ಎರಡು ಗೇಜುಗಳ ಓದನ್ನು ಕೂಡಿಸಿದರೆ ಒಬ್ಬರಿಗೆ 600 ಮತ್ತು −200 ಸೇರಿ 400, ಇನ್ನೊಬ್ಬರಿಗೆ 680 ಮತ್ತು −280 ಸೇರಿ ಅದೇ 400. ಎರಡನೆಯ ಹೆಜ್ಜೆಯಲ್ಲಿ ಈ ಎರಡು ಓದುಗಳನ್ನು ಗುಣಿಸಿ, ಆ ಗುಣಲಬ್ಧದಿಂದ ಶಿಯರ್ ಸ್ಟ್ರೇನಿನ ವರ್ಗವನ್ನು ಕಳೆಯಬೇಕು. ಇಲ್ಲಿ ನಾನೇ ಎಡವಿದೆ. ನಾವು ಬಾಲ್ಯದಿಂದ ಕಲಿತ ಶಿಯರ್ ಸ್ಟ್ರೇನ್ ಎಂದರೆ ಲಂಬಕೋನವೊಂದು ಎಷ್ಟು ಕಿರಿದಾಯಿತು ಎಂಬ ಪೂರ್ತಿ ಕೋನ. ನಲವತ್ತೈದು ಡಿಗ್ರಿಯ ಓದಿನ ಎರಡರಷ್ಟರಿಂದ ಆ 400ರ ಮೊತ್ತವನ್ನು ಕಳೆದರೆ ಅದು ಸಿಗುತ್ತದೆ, ಮೊದಲ ತಂಡಕ್ಕೆ 600, ಎರಡನೆಯ ತಂಡಕ್ಕೆ −280. ಅದನ್ನೇ ಹಾಕಿ ಲೆಕ್ಕ ಮಾಡಿದಾಗ ಒಬ್ಬರಿಗೆ −4,80,000 ಬಂತು, ಇನ್ನೊಬ್ಬರಿಗೆ −2,68,800 ಬಂತು. ಹೊಂದಿಕೆಯಾಗಲಿಲ್ಲವೆಂದು ನಾನು ಒಂದು ರೋಸೆಟ್ ಕೆಟ್ಟಿದೆ ಎಂದು ತೀರ್ಪು ಕೊಟ್ಟುಬಿಟ್ಟೆ, ಒಂದು ತಂಡ ಮರುದಿನವೆಲ್ಲ ಕೂತು ಹೊಸ ಗೇಜು ಅಂಟಿಸಿತು. ಒಂದು ಬಿಂದುವಿನ ಹಿಗ್ಗು, ಶಿಯರುಗಳನ್ನೆಲ್ಲ ಒಟ್ಟಿಗೆ ಬರೆದಿಡುವ ಪಟ್ಟಿಗೆ ಟೆನ್ಸರ್ ಎನ್ನುತ್ತೇವೆ, ಅದರೊಳಗೆ ಕೂರುವ ಶಿಯರ್ ಅಂಶ ಆ ಕೋನದ ಅರ್ಧ. ಅರ್ಧವನ್ನು, ಅಂದರೆ 300 ಮತ್ತು 140ನ್ನು ಹಾಕಿ ನೋಡಿ. 600 × (−200) − 300 × 300 ಎಂದರೆ −2,10,000. 680 × (−280) − 140 × 140 ಎಂದರೂ −2,10,000. ಆರು ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ, ತಪ್ಪಿದ್ದು ನನ್ನ ತೀರ್ಪು. ಆ ಹುಡುಗರ ಒಂದು ದಿನದ ದುಡಿಮೆಯ ಋಣ ಇನ್ನೂ ನನ್ನ ಮನಸ್ಸಿನಲ್ಲಿದೆ, ಅದಕ್ಕೇ ಈ ಅರ್ಧದ ವಿಷಯವನ್ನು ಎಲ್ಲಿ ಹೋದರೂ ಹೇಳುತ್ತೇನೆ.

ಪದಗಳ ಬಗ್ಗೆ ಒಂದು ಮಾತು. ಸ್ಟ್ರೇನ್ ಎಂಬುದಕ್ಕೆ ಕೆಲವರು ವಿಕೃತಿ ಎಂದು ಬರೆಯುತ್ತಾರೆ. ಆದರೆ ನಮ್ಮ ಆಡುಮಾತಿನಲ್ಲಿ ವಿಕೃತಿ ಎಂದರೆ ಕೆಟ್ಟದ್ದು ಎಂಬ ಛಾಯೆ ಗಟ್ಟಿಯಾಗಿ ಅಂಟಿಕೊಂಡಿದೆ. ಭಾರ ಹೊತ್ತ ಕಂಬ ತುಸು ಕುಗ್ಗುವುದರಲ್ಲಿ ಕೆಟ್ಟದ್ದೇನೂ ಇಲ್ಲವಾದ್ದರಿಂದ ತರಗತಿಯಲ್ಲಿ ಎಲ್ಲರೂ ಆಡುವ ಸ್ಟ್ರೇನ್ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ. ಇನ್ವೇರಿಯಂಟ್ ಎಂದರೆ ಅಕ್ಷಗಳನ್ನು ಹೇಗೆ ತಿರುಗಿಸಿದರೂ ಬದಲಾಗದ ಬೆಲೆ. ಅದು ಭಾರ ಹೆಚ್ಚಿದರೂ ಬದಲಾಗದ್ದು ಎಂದೋ, ವಸ್ತುವಿನ ಎಲ್ಲ ಬಿಂದುಗಳಲ್ಲೂ ಒಂದೇ ಆಗಿರುವಂಥದ್ದು ಎಂದೋ ತಿಳಿಯಬಾರದು. ಬದಲಾಗದಿರುವುದು ನೋಡುವವನ ಅಕ್ಷದ ಆಯ್ಕೆಗೆ ಮಾತ್ರ.

ಸ್ಟ್ರೇನ್ ಏಕೆ ಒಂದೇ ಸಂಖ್ಯೆಯಾಗಲಾರದು ಎಂಬುದನ್ನು ಬಟ್ಟೆಯ ಅಂಗಡಿಯಲ್ಲಿ ಕೂತವರು ಬೇಗ ಹೇಳಬಲ್ಲರು. ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ. ಅಂಥ ಕಡೆ ನೇಯ್ದ ಖಾದಿಯ ಒಂದು ಕರವಸ್ತ್ರವನ್ನು ಹಾಸಿನ ನೂಲಿನ ಗುಂಟ ಜಗ್ಗಿ ನೋಡಿ, ಅದು ಬಗ್ಗುವುದಿಲ್ಲ. ಹೊಕ್ಕಿನ ಗುಂಟ ಜಗ್ಗಿದರೂ ಅಷ್ಟೇ. ಎದುರುಬದುರಿನ ಎರಡು ಮೂಲೆ ಹಿಡಿದು ಜಗ್ಗಿದರೆ ಮಾತ್ರ ಸಲೀಸಾಗಿ ಉದ್ದವಾಗುತ್ತದೆ, ಅಡ್ಡಕ್ಕೆ ಕಿರಿದಾಗುತ್ತದೆ. ಈ ಜಗ್ಗಾಟದಲ್ಲಿ ಹಾಸು ಹೊಕ್ಕುಗಳ ನಡುವಿನ ಕೋನ 0.10 ರೇಡಿಯನ್‌ನಷ್ಟು ಬದಲಾಯಿತು ಎನ್ನೋಣ. ನೂಲಿನ ಗುಂಟ ಅಕ್ಷ ಇಟ್ಟುಕೊಂಡವನ ಪಟ್ಟಿಯಲ್ಲಿ ಎರಡು ದಿಕ್ಕಿನ ಹಿಗ್ಗೂ ಸೊನ್ನೆ, ಶಿಯರ್ ಅಂಶ ಮಾತ್ರ 0.05. ಮೂಲೆಯಿಂದ ಮೂಲೆಗೆ ಅಕ್ಷ ಇಟ್ಟುಕೊಂಡವನ ಪಟ್ಟಿಯಲ್ಲಿ ಶಿಯರ್ ಎಂಬುದೇ ಇಲ್ಲ, ಒಂದು ದಿಕ್ಕಿಗೆ 0.05 ಹಿಗ್ಗು, ಇನ್ನೊಂದಕ್ಕೆ 0.05 ಕುಗ್ಗು. ಒಬ್ಬ ಬಟ್ಟೆ ಬರೀ ಜರುಗಿದೆ ಎನ್ನುತ್ತಾನೆ, ಇನ್ನೊಬ್ಬ ಬರೀ ಹಿಗ್ಗಿ ಕುಗ್ಗಿದೆ ಎನ್ನುತ್ತಾನೆ. ಕೂಡಿಸಿದರೆ ಇಬ್ಬರಿಗೂ ಸೊನ್ನೆ, ಎರಡನೆಯ ಲೆಕ್ಕ ಮಾಡಿದರೆ ಇಬ್ಬರಿಗೂ −0.0025. ಬಟ್ಟೆಗೆ ಆದದ್ದು ಒಂದೇ ಘಟನೆ.

ಮೂರು ಆಯಾಮಗಳಲ್ಲಿ ಈ ಪಟ್ಟಿ ಮೂರು ಸಾಲು ಮೂರು ಕಂಬಗಳ ಮಾತೃಕೆಯಾಗುತ್ತದೆ. ಕರ್ಣದ ಮೇಲೆ ಮೂರು ಹಿಗ್ಗುಗಳು, ಕರ್ಣದ ಆಚೀಚೆ ಸಮನಾಗಿ ಮೂರು ಶಿಯರ್ ಅಂಶಗಳು, ಒಟ್ಟು ಆರು ಬೇರೆ ಬೇರೆ ಸಂಖ್ಯೆಗಳು. ಫ್ರಾನ್ಸಿನ ಗಣಿತಜ್ಞ ಕೋಶಿ 1822ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿ ಮುಂದಿನ ವರ್ಷಗಳಲ್ಲಿ ವಿಸ್ತಾರವಾಗಿ ಪ್ರಕಟಿಸಿದ ವಿಚಾರದ ತಿರುಳು ಇಷ್ಟು: ಯಾವ ಬಿಂದುವಿನಲ್ಲೇ ಆಗಲಿ, ಶಿಯರ್ ಅಂಶವೆಲ್ಲ ಸೊನ್ನೆಯಾಗುವ, ಪರಸ್ಪರ ಲಂಬವಾದ ಮೂರು ದಿಕ್ಕುಗಳು ಇದ್ದೇ ಇರುತ್ತವೆ. ಆ ದಿಕ್ಕುಗಳಲ್ಲಿನ ಹಿಗ್ಗುಗಳೇ ಪ್ರಧಾನ ಸ್ಟ್ರೇನುಗಳು. ನಮ್ಮ ತಗಡಿನ ಸಮತಲದಲ್ಲಿ ಅವು 700 ಮತ್ತು −300. ಕೂಡಿಸಿದರೆ 400, ಗುಣಿಸಿದರೆ −2,10,000 ಎಂಬುದನ್ನು ನೀವೇ ನೋಡಬಹುದು. ಆರು ಸಂಖ್ಯೆಗಳಲ್ಲಿ ಮೂರು ಈ ದಿಕ್ಕುಗಳು ನಮ್ಮ ಅಕ್ಷಕ್ಕೆ ಎಷ್ಟು ಓರೆಯಾಗಿವೆ ಎಂದು ಹೇಳುವ ಕೋನಗಳಿಗೆ ಖರ್ಚಾಗುತ್ತವೆ. ಉಳಿದ ಮೂರು ಮಾತ್ರ ವಸ್ತುವಿನ ಸ್ವಂತದ್ದು. ಆದುದರಿಂದಲೇ ಒಂದಕ್ಕೊಂದು ಅಧೀನವಲ್ಲದ ಇನ್ವೇರಿಯಂಟುಗಳು ಮೂರೇ, ನಾಲ್ಕನೆಯದನ್ನು ಯಾರಾದರೂ ಕಟ್ಟಿದರೆ ಅದು ಈ ಮೂರರಿಂದಲೇ ಹುಟ್ಟಿದ್ದಾಗಿರುತ್ತದೆ. ಮೊದಲನೆಯದು ಮೂರು ಪ್ರಧಾನ ಸ್ಟ್ರೇನುಗಳ ಮೊತ್ತ, ಎರಡನೆಯದು ಎರಡೆರಡರ ಗುಣಲಬ್ಧಗಳ ಮೊತ್ತ, ಮೂರನೆಯದು ಮೂರರ ಗುಣಲಬ್ಧ, ಅಂದರೆ ಮಾತೃಕೆಯ ನಿರ್ಧಾರಕ. ಘನ ಸಮೀಕರಣದ ಮೂಲಗಳಿಗೂ ಸಹಗುಣಕಗಳಿಗೂ ಇರುವ ಶಾಲೆಯ ಪಾಠವೇ ಇಲ್ಲಿ ಮರಳಿ ಬಂದಿದೆ. ಟೆನ್ಸರ್ ಎಂಬ ಹೆಸರು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು ಬಹಳ ತಡವಾಗಿ, 1898ರಲ್ಲಿ, ಜರ್ಮನಿಯ ಫೋಯ್ಗ್ಟ್ ಅವರಿಂದ.

ಮೊದಲನೆಯ ಇನ್ವೇರಿಯಂಟಿನ ಅರ್ಥ ಗಾತ್ರದ ಬದಲಾವಣೆ. ನಮ್ಮ ನವಲಗುಂದ, ಅಣ್ಣಿಗೇರಿ, ಗದಗ ಸೀಮೆಯ ಎರೆಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಮಳೆ ಬಿದ್ದಾಗ ಆ ಮಣ್ಣಿನ ಜೇಡಿಯ ಪದರಗಳ ನಡುವೆ ಹೊಕ್ಕ ನೀರು ಬಿಸಿಲಿಗೆ ಹೊರಟುಹೋಗುತ್ತದೆ, ಮಣ್ಣು ಮೂರೂ ದಿಕ್ಕಿನಲ್ಲಿ ಕುಗ್ಗುತ್ತದೆ. ಒಂದು ಮೀಟರ್ ದಪ್ಪದ ಮೇಲ್ಪದರ ನೂರಕ್ಕೆ ನಾಲ್ಕರಂತೆ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿತು ಎಂದು ಇಟ್ಟುಕೊಳ್ಳೋಣ. ನೆಲ ನಾಲ್ಕು ಸೆಂಟಿಮೀಟರ್ ಕುಸಿಯುತ್ತದೆ. ಆದರೆ ಹೊಲದ ಉದ್ದಗಲ ಒಟ್ಟಾರೆ ಕುಗ್ಗಲಾರದಾದ್ದರಿಂದ, ಅಡ್ಡ ದಿಕ್ಕಿನ ಕುಗ್ಗು ಮೀಟರಿಗೆ ನಾಲ್ಕು ಸೆಂಟಿಮೀಟರ್ ಲೆಕ್ಕದ ಬಿರುಕುಗಳಾಗಿ ಕಾಣಿಸಿಕೊಳ್ಳುತ್ತದೆ. ಕುಸಿತವನ್ನಷ್ಟೇ ಅಳೆದವನು ಮಣ್ಣು ನೂರಕ್ಕೆ ನಾಲ್ಕು ಕಳೆದುಕೊಂಡಿತು ಎಂದು ಬರೆದಾನು. ಮೂರೂ ದಿಕ್ಕನ್ನು ಕೂಡಿಸಿದರೆ ಹನ್ನೆರಡು. ಮಣ್ಣುವಿಜ್ಞಾನಿಗಳು ಸಮನಾದ ಕುಗ್ಗಿಗೆ ಮೂರು ಎಂಬ ಘಾತವನ್ನು ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ಎರೆಭೂಮಿಯಲ್ಲಿ ಮನೆ ಕಟ್ಟುವವರು ಬಿರುಕನ್ನು ನೋಡಿ ಹೆದರುತ್ತಾರೆ, ಕುಸಿತವನ್ನು ನೋಡುವುದಿಲ್ಲ, ಗೋಡೆ ಸೀಳಿದ ಮೇಲೆ ಮೇಸ್ತ್ರಿಯನ್ನು ದೂರುತ್ತಾರೆ. ಮಣ್ಣಿಗೆ ಆಗುವುದು ಗಾತ್ರದ ಬದಲಾವಣೆ, ಅದಕ್ಕೆ ಮೂರು ದಿಕ್ಕೂ ಒಟ್ಟಿಗೆ ಸಾಕ್ಷಿ.

ಹನ್ನೆರಡು ಎಂದದ್ದು ಪೂರ್ತಿ ಸರಿಯಲ್ಲ. 0.96ನ್ನು ಮೂರು ಸಲ ಗುಣಿಸಿದರೆ 0.884736 ಸಿಗುತ್ತದೆ, ಅಂದರೆ ಕುಗ್ಗಿದ್ದು ನೂರಕ್ಕೆ ಸುಮಾರು 11.5. ಉಳಿದ ವ್ಯತ್ಯಾಸವನ್ನು ತುಂಬಿಕೊಡುವವು ಎರಡನೆಯ ಮತ್ತು ಮೂರನೆಯ ಇನ್ವೇರಿಯಂಟುಗಳು. ಪ್ರಧಾನ ದಿಕ್ಕುಗಳಲ್ಲಿ ಮೂಲ ಉದ್ದಕ್ಕೆ ಹೋಲಿಸಿ ಅಳೆದ ಹಿಗ್ಗುಗಳಾದರೆ, ಹೊಸ ಗಾತ್ರ ಮತ್ತು ಹಳೆಯ ಗಾತ್ರಗಳ ಅನುಪಾತ ಎಂಬುದು ಒಂದು, ಅದಕ್ಕೆ ಮೊದಲನೆಯದು, ಎರಡನೆಯದು, ಮೂರನೆಯದು ಕೂಡಿದ ಮೊತ್ತವೇ ಆಗಿರುತ್ತದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಇಲ್ಲಿ ಒಂದರಿಂದ 0.12 ಕಳೆದು, 0.0048 ಕೂಡಿಸಿ, 0.000064 ಕಳೆದರೆ ಅದೇ 0.884736. ಉಕ್ಕಿನಲ್ಲಿ ಹಿಗ್ಗು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿರುವುದರಿಂದ ಕೊನೆಯ ಎರಡನ್ನು ಬಿಟ್ಟರೂ ನಡೆಯುತ್ತದೆ.

ಎಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ನಮ್ಮ ಅಡುಗೆಮನೆಯ ಜೋಳದ ರೊಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆರು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ದಪ್ಪದ ಹಿಟ್ಟಿನ ಮುದ್ದೆಯನ್ನು ಬಡಿದು ಇಪ್ಪತ್ನಾಲ್ಕು ಸೆಂಟಿಮೀಟರ್ ಅಗಲ ಮಾಡಿದರೆ, ಹಿಟ್ಟು ಅಷ್ಟೇ ಇರುವುದರಿಂದ ದಪ್ಪ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಸಮತಲದ ಎರಡು ದಿಕ್ಕಿನಲ್ಲೂ ಉದ್ದ ನಾಲ್ಕು ಪಟ್ಟು, ದಪ್ಪ ಹದಿನಾರನೆಯ ಒಂದು ಪಾಲು. ಹಿಗ್ಗು ಎಂದರೆ ಎರಡು ದಿಕ್ಕಿಗೆ 3, 3, ಮೂರನೆಯದಕ್ಕೆ −0.9375. ಮೊತ್ತ 5.0625. ಮೊದಲನೆಯ ಇನ್ವೇರಿಯಂಟೇ ಗಾತ್ರದ ಬದಲಾವಣೆ ಎಂದು ಬಾಯಿಪಾಠ ಮಾಡಿದವನು ರೊಟ್ಟಿ ಮುದ್ದೆಗಿಂತ ಆರು ಪಟ್ಟು ದೊಡ್ಡದಾಯಿತು ಎಂದು ಹೇಳಬೇಕಾಗುತ್ತದೆ. ಎರಡನೆಯದು 3.375, ಮೂರನೆಯದು −8.4375. ಒಂದಕ್ಕೆ ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ. ಮೂರು ಇನ್ವೇರಿಯಂಟುಗಳು ಒಟ್ಟಿಗೆ ಸೇರಿ ಹಿಟ್ಟಿನ ಲೆಕ್ಕವನ್ನು ಚುಕ್ತಾ ಮಾಡುವ ಈ ಸಾಲನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ನನಗೆ ಹೊಸದೆಂಬಂತೆ ಸಂತೋಷವಾಗುತ್ತದೆ. ರೊಟ್ಟಿಯ ಅಂಚಿನ ಸುತ್ತಳತೆ ನಾಲ್ಕು ಪಟ್ಟಾಗುವುದರಿಂದ ಅಂಚು ಬಿರಿಯುವುದೂ ಇದೇ ಲೆಕ್ಕದ ಭಾಗ. ಗೋಧಿಯ ಜಿಗುಟು ಜೋಳದಲ್ಲಿಲ್ಲ. ಕುದಿನೀರು ಹಾಕಿ ಹಿಟ್ಟನ್ನು ಅಂಟುಗೊಳಿಸಿ, ಅಂಚನ್ನು ಅಂಗೈಯಿಂದ ಒತ್ತಿ ಕೂಡಿಸುತ್ತ ಬಡಿಯುವ ನಮ್ಮ ಹೆಣ್ಣುಮಕ್ಕಳ ಕೈ ಆ ಎಳೆತವನ್ನು ಗಳಿಗೆ ಗಳಿಗೆಗೂ ಸರಿಪಡಿಸುತ್ತಿರುತ್ತದೆ.

ಗಾತ್ರ ಬದಲಾಗದೆ ಆಕಾರ ಮಾತ್ರ ಬದಲಾದದ್ದು ರೊಟ್ಟಿ. ಆಕಾರ ಬದಲಾಗದೆ ಗಾತ್ರ ಮಾತ್ರ ಬದಲಾಗುವುದಕ್ಕೆ ಹುಬ್ಬಳ್ಳಿಯ ರೈಲು ನಿಲ್ದಾಣವನ್ನು ನೆನೆಯೋಣ. ಅಲ್ಲಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಅಷ್ಟೇ ಉದ್ದದ ಒಂದೇ ಹಳಿ, ಯಾವ ಹಿಡಿತವೂ ಇಲ್ಲದೆ ಬಿದ್ದಿದೆ ಎಂದು ಕಲ್ಪಿಸಿಕೊಂಡರೆ, ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ಹನ್ನೆರಡು ಪಾಲು ಹಿಗ್ಗುವುದರಿಂದ, ನಲವತ್ತು ಡಿಗ್ರಿ ಕಾವು ಏರಿದಾಗ ಅದು ಸುಮಾರು 72 ಸೆಂಟಿಮೀಟರ್ ಬೆಳೆಯುತ್ತದೆ. ಅದರ ಅಗಲ ಎತ್ತರಗಳೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಹಳಿಗೆ ಇದರಿಂದ ಯಾವ ನೋವೂ ಇಲ್ಲ. ನಿಜವಾದ ಹಳಿಯನ್ನು ಸ್ಲೀಪರುಗಳು ಉದ್ದಕ್ಕೆ ಹಿಡಿದಿಟ್ಟಿರುತ್ತವೆ, ಅಗಲ ಎತ್ತರಗಳು ಹಿಗ್ಗುತ್ತಿದ್ದರೂ ಉದ್ದ ಹಿಗ್ಗಲಾಗದೆ ಆಕಾರ ಕೆಡುತ್ತದೆ, ತೊಂದರೆ ಹುಟ್ಟುವುದು ಅಲ್ಲಿಂದ.

ಈ ಎರಡನ್ನೂ ಬೇರ್ಪಡಿಸುವ ಉಪಾಯವೆಂದರೆ ಮೂರು ಪ್ರಧಾನ ಸ್ಟ್ರೇನುಗಳ ಸರಾಸರಿಯನ್ನು ಪ್ರತಿಯೊಂದರಿಂದಲೂ ಕಳೆದುಬಿಡುವುದು. ಉಳಿದದ್ದು ಬರೀ ಆಕಾರದ ಬದಲಾವಣೆ. ಅದರ ಮೊತ್ತ ಯಾವಾಗಲೂ ಸೊನ್ನೆ. ಅದರ ಹಿರಿಮೆಯನ್ನು ಅಳೆಯುವ ಸಂಖ್ಯೆ ಮೊದಲನೆಯ ಇನ್ವೇರಿಯಂಟಿನ ವರ್ಗದ ಮೂರನೆಯ ಒಂದು ಪಾಲಿನಿಂದ ಎರಡನೆಯದನ್ನು ಕಳೆದರೆ ಸಿಗುತ್ತದೆ. ಉಕ್ಕಿನಂಥ ಲೋಹ ಶಾಶ್ವತವಾಗಿ ಬಾಗಲು ಆರಂಭಿಸುವುದು ಈ ಸಂಖ್ಯೆ ಒಂದು ಮಿತಿ ದಾಟಿದಾಗ ಎಂಬ ಊಹೆಯನ್ನು ಮ್ಯಾಕ್ಸ್‌ವೆಲ್ 1856ರಲ್ಲಿ ಗೆಳೆಯ ಥಾಮ್ಸನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದರು. 1904ರಲ್ಲಿ ಹ್ಯೂಬರ್ ಅದನ್ನು ಪೋಲಿಷ್ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದರು. 1913ರಲ್ಲಿ ಮೀಸೆಸ್ ಜರ್ಮನ್ ಭಾಷೆಯಲ್ಲಿ ಬರೆದದ್ದು ಲೋಕಪ್ರಸಿದ್ಧವಾಯಿತು, 1924ರಲ್ಲಿ ಹೆಂಕಿ ಅದಕ್ಕೆ ಆಕಾರ ಬದಲಾವಣೆಯ ಶಕ್ತಿ ಎಂಬ ಅರ್ಥ ಕೊಟ್ಟರು. ಇಂದು ಎಲ್ಲ ಸಾಫ್ಟ್‌ವೇರುಗಳೂ ಮೀಸೆಸ್ ಹೆಸರನ್ನೇ ತೋರಿಸುತ್ತವೆ. ಹ್ಯೂಬರ್ ತನ್ನ ಜನರ ಭಾಷೆಯಲ್ಲಿ ಬರೆದದ್ದು ತಪ್ಪೆಂದು ನಾನು ಎಂದೂ ಒಪ್ಪುವುದಿಲ್ಲ, ಕನ್ನಡದಲ್ಲಿ ಈ ಮಾತುಗಳನ್ನು ಆಡುತ್ತಿರುವಾಗ ಅವರ ಹೆಸರನ್ನು ಮೊದಲು ಹೇಳುವುದು ನನಗೆ ಮುಖ್ಯ. ಮಣ್ಣು, ಕಲ್ಲು, ಕಾಂಕ್ರೀಟುಗಳಿಗೆ ಆಕಾರದ ಸಂಖ್ಯೆಯೊಂದೇ ಸಾಲದು. ಒತ್ತಿ ಹಿಡಿದಷ್ಟೂ ಅವು ಗಟ್ಟಿಯಾಗುವುದರಿಂದ ಒತ್ತಡದ ಮೊದಲ ಇನ್ವೇರಿಯಂಟನ್ನೂ ಸೇರಿಸಬೇಕು. ಡ್ರಕರ್ ಮತ್ತು ಪ್ರೇಗರ್ 1952ರಲ್ಲಿ ಮಾಡಿದ್ದು ಅದನ್ನೇ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ವಾದಕ್ಕೆ ಬರುತ್ತೇನೆ. ಉಕ್ಕಿನ ಗುಣವನ್ನು ಹೇಳಲು ಎರಡೇ ಸಂಖ್ಯೆಗಳು, ಜಗ್ಗಿದರೆ ವಸ್ತು ಹಿಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎನ್ನುವ ಯಂಗ್ ಗುಣಾಂಕ ಮತ್ತು ಉದ್ದಕ್ಕೆ ಹಿಗ್ಗಿದ್ದರ ಎಷ್ಟು ಪಾಲು ಅಡ್ಡಕ್ಕೆ ಕುಗ್ಗುತ್ತದೆ ಎನ್ನುವ ಪಾಯ್ಸಾನ್ ಅನುಪಾತ, ಸಾಕು ಎಂದು ಎರಡನೆಯ ವರ್ಷದ ವಿದ್ಯಾರ್ಥಿಗೆ ಹೇಳುತ್ತೇವೆ. ಒಂದೇ ಏಕೆ ಸಾಲದು, ಮೂರು ಏಕೆ ಬೇಡ? ಇದು ಹತ್ತೊಂಬತ್ತನೆಯ ಶತಮಾನದ ದೊಡ್ಡ ವಿವಾದ. ಅಣುಗಳು ಜೋಡಿ ಜೋಡಿಯಾಗಿ ಒಂದನ್ನೊಂದು ಸೆಳೆಯುತ್ತವೆ ಎಂದು ಭಾವಿಸಿ ಹೊರಟ ನೇವಿಯರ್ ಅವರಿಗೆ ಒಂದೇ ಸಂಖ್ಯೆ ಸಿಕ್ಕಿತ್ತು. ಆ ದಾರಿಯಲ್ಲಿ ಹೋದರೆ ಪಾಯ್ಸಾನ್ ಅನುಪಾತ ಎಲ್ಲ ವಸ್ತುಗಳಿಗೂ ಕಾಲು ಭಾಗವೇ ಆಗಬೇಕು. ಆದರೆ ತಾಮ್ರಕ್ಕೆ ಅದು ಮೂರನೆಯ ಒಂದರ ಸಮೀಪ, ಬಾಟಲಿಯ ಬಿರಡೆ ಮಾಡುವ ಕಾರ್ಕಿಗೆ ಸೊನ್ನೆಯ ಸಮೀಪ, ರಬ್ಬರಿಗೆ ಅರ್ಧದ ಸಮೀಪ. ನಾಟಿಂಗ್‌ಹ್ಯಾಮ್ ಬಳಿಯ ಗಿರಣಿಯೊಂದರ ಮಾಲೀಕನಾಗಿದ್ದು, ಬಹುಮಟ್ಟಿಗೆ ತಾನೇ ಓದಿ ಗಣಿತ ಕಲಿತ ಜಾರ್ಜ್ ಗ್ರೀನ್ 1837ರಲ್ಲಿ ಅಣುಗಳ ಊಹೆಯನ್ನೇ ಬದಿಗಿಟ್ಟು ಶಕ್ತಿಯಿಂದ ಹೊರಟರು.

ಆ ವಾದವನ್ನು ಇನ್ವೇರಿಯಂಟುಗಳ ಭಾಷೆಯಲ್ಲಿ ಹೇಳುತ್ತೇನೆ. ಹಿಗ್ಗಿದ ವಸ್ತುವಿನಲ್ಲಿ ಕೂಡಿಟ್ಟ ಶಕ್ತಿ ನಾವು ಕಾಗದದ ಮೇಲೆ ಎಳೆದ ಅಕ್ಷಗಳನ್ನು ಅವಲಂಬಿಸಲಾರದು. ವಸ್ತು ಎಲ್ಲ ದಿಕ್ಕಿಗೂ ಒಂದೇ ಬಗೆಯದಾಗಿದ್ದರೆ, ಆ ಶಕ್ತಿಯನ್ನು ಕಟ್ಟಲು ನಮಗೆ ಸಿಗುವ ಇಟ್ಟಿಗೆಗಳು ಮೂರು ಇನ್ವೇರಿಯಂಟುಗಳು ಮಾತ್ರ. ಹಿಗ್ಗು ಇಮ್ಮಡಿಯಾದಾಗ ಬಲ ಇಮ್ಮಡಿಯಾಗಬೇಕು ಎಂಬುದು ಹೂಕ್ ನಿಯಮ, ಆದ್ದರಿಂದ ಶಕ್ತಿ ನಾಲ್ಕು ಪಟ್ಟಾಗಬೇಕು, ಅಂದರೆ ಶಕ್ತಿ ಸ್ಟ್ರೇನಿನ ಎರಡನೆಯ ಘಾತದ್ದು. ಮೊದಲನೆಯ ಇನ್ವೇರಿಯಂಟ್ ಮೊದಲನೆಯ ಘಾತದ್ದು, ಅದರ ವರ್ಗ ಇಲ್ಲಿ ಸಲ್ಲುತ್ತದೆ. ಎರಡನೆಯದು ಎರಡನೆಯ ಘಾತದ್ದು, ಅದು ಇದ್ದಂತೆಯೇ ಸಲ್ಲುತ್ತದೆ. ಮೂರನೆಯದು ಮೂರನೆಯ ಘಾತದ್ದು, ಅದಕ್ಕೆ ಇಲ್ಲಿ ಪ್ರವೇಶವಿಲ್ಲ. ಸಂದ ಪದಗಳು ಎರಡೇ ಆದ್ದರಿಂದ ಅವುಗಳ ಮುಂದೆ ನಿಲ್ಲುವ ಸ್ಥಿರಾಂಕಗಳೂ ಎರಡೇ. ಪ್ರಯೋಗಶಾಲೆಗೆ ಕಾಲಿಡದೆ, ಅಕ್ಷ ತಿರುಗಿಸಿದರೆ ಪ್ರಕೃತಿ ಬದಲಾಗದು ಎಂಬ ಒಂದೇ ಮಾತಿನಿಂದ ಉಕ್ಕಿಗೆ, ಗಾಜಿಗೆ, ತಾಮ್ರಕ್ಕೆ ಎರಡೇ ಸಂಖ್ಯೆ ಬೇಕು ಎಂಬುದು ಸಿದ್ಧವಾಗುತ್ತದೆ. ಪಠ್ಯಗಳಲ್ಲಿ ಇದು ಅರ್ಧ ಪುಟವೂ ಇರುವುದಿಲ್ಲ, ಎಷ್ಟೋ ಕಡೆ ಇರುವುದೇ ಇಲ್ಲ. ಸೂತ್ರಗಳನ್ನು ತುಂಬಿಕೊಟ್ಟು ಈ ವಾದವನ್ನು ಬಿಟ್ಟುಬಿಡುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸಿದ್ದೇನೆ.

ಖಾದಿಯ ಕರವಸ್ತ್ರಕ್ಕೆ ಈ ವಾದ ಹೊಂದುವುದಿಲ್ಲ ಎಂಬುದನ್ನು ನಿಮ್ಮಲ್ಲಿ ಕೆಲವರು ಆಗಲೇ ಗಮನಿಸಿರಬೇಕು. ಅಲ್ಲಿ ನೂಲಿನ ದಿಕ್ಕು ನೋಡುವವನು ಆರಿಸಿಕೊಂಡದ್ದಲ್ಲ, ನೇಕಾರ ಬಟ್ಟೆಯೊಳಗೆ ಇಟ್ಟದ್ದು. ಕಟ್ಟಿಗೆಯ ನಾರು, ಲಕ್ಕುಂಡಿಯ ಗುಡಿಗಳಲ್ಲಿ ಕಾಣುವಂಥ ಶಿಸ್ಟ್ ಶಿಲೆಯ ಪದರ, ಇವೂ ಹಾಗೆಯೇ. ಅಂಥ ವಸ್ತುಗಳಿಗೆ ಇನ್ವೇರಿಯಂಟುಗಳ ಜೊತೆಗೆ ನಾರಿನ ದಿಕ್ಕಿಗೆ ಸಂಬಂಧಿಸಿದ ಸಂಖ್ಯೆಗಳೂ ಬೇಕಾಗುತ್ತವೆ. ಯಾವ ಸಮ್ಮಿತಿಯೂ ಇಲ್ಲದ ಹರಳಿಗೆ ಸ್ಥಿರಾಂಕಗಳು 21ರವರೆಗೆ ಏರುತ್ತವೆ.

ಮೂರನೆಯದನ್ನು ಹೊರಗೆ ನಿಲ್ಲಿಸಿದೆವು, ಅದರ ಕೆಲಸವೇನು ಎಂಬುದು ಉಳಿಯಿತು. ಗಾತ್ರ ಬದಲಾಗದ ಮೂರು ಆಕಾರ ಬದಲಾವಣೆಗಳನ್ನು ತೆಗೆದುಕೊಳ್ಳಿ. ಶಾವಿಗೆ ಎಳೆಯುವಾಗ ಹಿಟ್ಟು ಒಂದು ದಿಕ್ಕಿಗೆ ಹಿಗ್ಗಿ ಎರಡು ದಿಕ್ಕಿಗೆ ಕುಗ್ಗುತ್ತದೆ, ಅದರ ಲೆಕ್ಕ 2, −1, −1. ರೊಟ್ಟಿ ಬಡಿಯುವಾಗ ಎರಡು ದಿಕ್ಕಿಗೆ ಹಿಗ್ಗಿ ಒಂದಕ್ಕೆ ಕುಗ್ಗುತ್ತದೆ, ಅದು 1, 1, −2. ಇವು ಅಲ್ಪ ಕಾಲದ ಸಣ್ಣ ಹಿಗ್ಗುಗಳ ಪ್ರಮಾಣ ಎಂದು ತಿಳಿಯಿರಿ. ಆಕಾರದ ಹಿರಿಮೆಯನ್ನು ಹೇಳುವ ಸಂಖ್ಯೆ ಎರಡಕ್ಕೂ ಮೂರೇ. ಹಿರಿಮೆಯನ್ನಷ್ಟೇ ನೋಡುವವನಿಗೆ ಶಾವಿಗೆಯೂ ರೊಟ್ಟಿಯೂ ಒಂದೇ. ಗುಣಲಬ್ಧವನ್ನು ನೋಡಿದರೆ ಶಾವಿಗೆಗೆ 2, ರೊಟ್ಟಿಗೆ −2. ಓರೆಗೆ ಜಗ್ಗಿದ ಖಾದಿಯಲ್ಲಿ ಒಂದು ಹಿಗ್ಗು, ಒಂದು ಕುಗ್ಗು, ಒಂದು ಸೊನ್ನೆ ಇರುವುದರಿಂದ ಗುಣಲಬ್ಧ ಸೊನ್ನೆ. ಎಳೆಯಾಯಿತೋ, ಹಾಳೆಯಾಯಿತೋ, ಎರಡರ ನಡುವಿನ ಜರುಗೋ ಎಂದು ಹೇಳುವುದೇ ಮೂರನೆಯದರ ಕೆಲಸ. ಲೋಡೆ 1926ರಲ್ಲಿ ಕಬ್ಬಿಣ, ತಾಮ್ರ, ನಿಕ್ಕಲ್‌ಗಳ ಕೊಳವೆಗಳನ್ನು ಜಗ್ಗುತ್ತಲೇ ಒಳಗಿನಿಂದ ಒತ್ತಿ ಪರೀಕ್ಷಿಸಿದ್ದು ಲೋಹಗಳು ಈ ಭೇದವನ್ನು ಎಷ್ಟು ಗುರುತಿಸುತ್ತವೆ ಎಂದು ತಿಳಿಯಲು. ಅವರ ಹೆಸರಿನ ಕೋನ ಇಂದಿಗೂ ಮಣ್ಣು ಮತ್ತು ಕಲ್ಲಿನ ಲೆಕ್ಕದಲ್ಲಿ ನಿತ್ಯ ಬಳಕೆಯಲ್ಲಿದೆ. ಮೂರು ಪ್ರಧಾನ ಸ್ಟ್ರೇನುಗಳನ್ನು ಘನ ಸಮೀಕರಣದಿಂದ ಬಿಡಿಸಿ ತೆಗೆಯುವಾಗಲೂ ಕೊಸೈನ್ ಒಂದರೊಳಗೆ ಬಂದು ಕೂರುವುದು ಇದೇ ಕೋನ.

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ಎರಡು ರೋಸೆಟ್ ಇದ್ದುದರಿಂದ ಹೋಲಿಸಿ ನೋಡಿದಿರಿ, ಒಂದೇ ಇದ್ದರೆ ಕೆಟ್ಟ ಗೇಜನ್ನು ಹಿಡಿಯುವುದು ಹೇಗೆ ಎಂದು ಆಕೆ ಕೇಳಿದಳು. ಸಮತಲದಲ್ಲಿ ತಿಳಿಯದ ಸಂಖ್ಯೆಗಳು ಮೂರು, ಗೇಜುಗಳೂ ಮೂರು, ಆದ್ದರಿಂದ ಯಾವ ಸುಳ್ಳು ಓದನ್ನು ಕೊಟ್ಟರೂ ಲೆಕ್ಕ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ತಪ್ಪು ಬಯಲಾಗುವುದಿಲ್ಲ. ಆದರೆ 135 ಡಿಗ್ರಿಯಲ್ಲಿ ನಾಲ್ಕನೆಯ ಗೇಜು ಅಂಟಿಸಿದರೆ ಮೊದಲನೆಯ ಇನ್ವೇರಿಯಂಟ್ ಕಾವಲಿಗೆ ನಿಲ್ಲುತ್ತದೆ. ಉದ್ದ ಮತ್ತು ಅಡ್ಡದ ಗೇಜುಗಳ ಮೊತ್ತ ಎರಡು ಓರೆ ಗೇಜುಗಳ ಮೊತ್ತಕ್ಕೆ ಸಮನಾಗಲೇಬೇಕು. ನಮ್ಮ ತಗಡಿನ ಮೊದಲ ತಂಡದ ಲೆಕ್ಕದಲ್ಲಿ ಆ ನಾಲ್ಕನೆಯ ಗೇಜು −100 ತೋರಿಸಬೇಕಿತ್ತು, 500ರ ಜೊತೆ ಸೇರಿ 400 ಆಗಲು. ನಾಲ್ಕೂ ಗೇಜುಗಳು ಕಾವಿನಿಂದ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು, ಅದಕ್ಕೆ ಭಾರವಿಲ್ಲದ ತುಂಡಿನ ಮೇಲೆ ಇನ್ನೊಂದು ಗೇಜು ಬೇಕು ಎಂದೂ ಆಕೆಗೆ ಹೇಳಿದೆ. ಆಕೆ ತನ್ನ ಪುಸ್ತಕದಲ್ಲಿ ರೋಸೆಟ್ಟಿನ ಚಿತ್ರ ಬರೆದು, ನಾಲ್ಕನೆಯ ಗೆರೆ ಎಳೆದು, ಅದರ ಪಕ್ಕದಲ್ಲಿ ಅರ್ಧ ಎಂದು ಬರೆದು ಎರಡು ಸಲ ಅಡಿಗೆರೆ ಹಾಕಿಕೊಂಡಳು.